ಮನೆ ಕೊಳ್ಳುವಾಗ ಕಡಿಯುವ ಆ 1% ಟಿಡಿಎಸ್ ಯಾರ ದುಡ್ಡು?

ಪ್ರಶ್ನೆ: ಮನೆ 80 ಲಕ್ಷಕ್ಕೆ ಮಾತಾಗಿದೆ. 5 ಲಕ್ಷ ಅಡ್ವಾನ್ಸ್ ಕೊಡಬೇಕು. ಮಾರುವವರು "ಟಿಡಿಎಸ್ಸು, ರಿಜಿಸ್ಟ್ರೇಷನ್ ಖರ್ಚು ಎಲ್ಲ ನಿಮ್ಮದೇ, ನನ್ನ ಕೈಗೆ 80 ಲಕ್ಷ ಪೂರ್ತಿ ಬರಬೇಕು" ಅಂತ ಕೂತಿದ್ದಾರೆ. ಒಪ್ಪಿಕೊಳ್ಳಬೇಕಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಅದೇ ತಪ್ಪು ತಿಳಿವಳಿಕೆ ಮತ್ತೆ ಬರುತ್ತದೆ. ರಿಜಿಸ್ಟ್ರೇಷನ್ ಖರ್ಚು ನಿಮ್ಮದು, ಸರಿ. ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ನಿಮ್ಮದಲ್ಲ. ಅದು ಮಾರುವವರ ದುಡ್ಡು, ನಿಮ್ಮ ಕೈಯಿಂದ ಸರ್ಕಾರಕ್ಕೆ ಹೋಗುತ್ತದೆ ಅಷ್ಟೇ.

ರೂಪಾಯಿ ಲೆಕ್ಕದಲ್ಲೇ ನೋಡಿ. 80 ಲಕ್ಷಕ್ಕೆ 1% ಅಂದರೆ 80 ಸಾವಿರ. ನೀವು ಮಾರುವವರಿಗೆ 79 ಲಕ್ಷದ 20 ಸಾವಿರ ಕೊಡುತ್ತೀರಿ, ಉಳಿದ 80 ಸಾವಿರವನ್ನು ಅವರ ಪ್ಯಾನ್ ನಂಬರಿಗೆ ತೆರಿಗೆಯಾಗಿ ಕಟ್ಟುತ್ತೀರಿ. ಅವರು ರಿಟರ್ನ್ಸ್ ಸಲ್ಲಿಸುವಾಗ ಆ 80 ಸಾವಿರ ಅವರ ಲೆಕ್ಕದಲ್ಲಿ ಜಮಾ ಇರುತ್ತದೆ. ಮನೆ ಮಾರಿದ ಲಾಭಕ್ಕೆ ತೆರಿಗೆ ಬಂದರೆ ಅದರಲ್ಲಿ ಕಳೆಯುತ್ತಾರೆ. "ನಾನು ಆ ದುಡ್ಡಲ್ಲಿ ಬೇರೆ ಮನೆ ತಗೋತಿದೀನಿ, ನನಗೆ ತೆರಿಗೆಯೇ ಇಲ್ಲ" ಅಂದರೆ ಇನ್ನೂ ಸುಲಭ, ರೀಫಂಡ್ ಬರುತ್ತದೆ. ಈಗ ನೀವು ಅವರ ಮಾತು ಕೇಳಿ 80 ಲಕ್ಷ ಪೂರ್ತಿ ಕೊಟ್ಟು, ಮೇಲೆ 80 ಸಾವಿರ ಕೈಯಿಂದ ಕಟ್ಟಿದಿರಿ ಅಂದುಕೊಳ್ಳಿ. ಆ ಜಮಾ ಕೂಡ ಅವರಿಗೇ ಹೋಗುತ್ತದೆ. ಅಂದರೆ ಮನೆಯ ಬೆಲೆ 80 ಸಾವಿರ ಏರಿತು, ನಿಮಗೆ ಗೊತ್ತೇ ಆಗಲಿಲ್ಲ. ಬೆಲೆ ಏರಿಸಬೇಕಿದ್ದರೆ ಅವರು ನೇರವಾಗಿ ಕೇಳಲಿ. ತೆರಿಗೆಯ ಹೆಸರಿನಲ್ಲಿ ಬೇಡ.

ಇದು ಹೊಸ ಕಾನೂನೂ ಅಲ್ಲ, 2013ರ ಜೂನ್ 1ರಿಂದ ಇದೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಬೆಲೆಯ ಮೇಲೆ 1%. 50 ಲಕ್ಷ ದಾಟಿದ ಭಾಗಕ್ಕೆ ಮಾತ್ರ ಅಂತ ಬ್ರೋಕರ್ ಹೇಳಿದರೆ ನಂಬಬೇಡಿ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಪಾಲು ಮಾಡಿಕೊಂಡರೆ ತಪ್ಪಿಸಿಕೊಳ್ಳಬಹುದು ಅನ್ನುವ ಮಾತಿಗೂ ಈಗ ಜಾಗವಿಲ್ಲ, 2024ರ ಅಕ್ಟೋಬರ್ 1ರಿಂದ ಎಲ್ಲರ ಪಾಲನ್ನೂ ಕೂಡಿಸಿಯೇ ನೋಡುತ್ತಾರೆ.

ಇನ್ನೊಂದು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. "ರಿಜಿಸ್ಟ್ರೇಷನ್ ದಿನ ಒಟ್ಟಿಗೆ ನೋಡಿಕೊಳ್ಳೋಣ" ಅನ್ನಬೇಡಿ. ಅಡ್ವಾನ್ಸ್ ಕೊಡುವಾಗಲೇ ಕಡಿಯಬೇಕು. 5 ಲಕ್ಷ ಅಡ್ವಾನ್ಸ್ ಅಂದರೆ ಅವರಿಗೆ 4 ಲಕ್ಷದ 95 ಸಾವಿರ, ಸರ್ಕಾರಕ್ಕೆ 5 ಸಾವಿರ. ಕಡಿದ ತಿಂಗಳು ಮುಗಿದು 30 ದಿನದೊಳಗೆ ಕಟ್ಟಬೇಕು. ಕಡಿಯದೇ ಬಿಟ್ಟರೆ ತಿಂಗಳಿಗೆ 1% ಬಡ್ಡಿ, ಕಡಿದೂ ಕಟ್ಟದಿದ್ದರೆ 1.5%. ನೋಟಿಸ್ ಬರುವುದು ನಿಮಗೆ, ಮಾರಿದವರಿಗಲ್ಲ! ಬ್ಯಾಂಕ್ ಸಾಲ ಇದ್ದರೆ ಈ 1% ಕಡಿತದ ವಿಷಯ ಬ್ಯಾಂಕಿನವರಿಗೂ ಮೊದಲೇ ಹೇಳಿಡಿ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಈ 1% ನಿಯಮವೇ ಅನ್ವಯಿಸಲ್ಲ, ಕಡಿತ ತುಂಬಾ ಜಾಸ್ತಿ. ಅಡ್ವಾನ್ಸ್ ಕೊಡುವ ಮೊದಲೇ ಆಡಿಟರ್ ಹತ್ತಿರ ಹೋಗಿ.

ಹಾಗಾದರೆ ಚೌಕಾಸಿ ಎಲ್ಲಿ? ರಿಜಿಸ್ಟ್ರೇಷನ್ ಖರ್ಚಿನ ವಿಷಯದಲ್ಲಿ. ಕರ್ನಾಟಕದಲ್ಲಿ 45 ಲಕ್ಷ ದಾಟಿದರೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2%. ಎಲ್ಲ ಸೇರಿ ನಗರದಲ್ಲಿ 7.6%, ಅಂದರೆ ನಿಮ್ಮ ಮನೆಗೆ 6 ಲಕ್ಷ ದಾಟುತ್ತದೆ. ಬೇರೆ ಮಾತಾಗಿಲ್ಲದಿದ್ದರೆ ಮುದ್ರಾಂಕ ಶುಲ್ಕ ಕೊಳ್ಳುವವರದ್ದು ಅಂತ ಕಾಯ್ದೆಯೇ ಹೇಳುತ್ತದೆ, ಆದ್ದರಿಂದ ಬೇರೆ ಮಾತಾಡಿಕೊಳ್ಳಲು ಅಡ್ಡಿಯಿಲ್ಲ. ಆದರೆ "ಅರ್ಧ ನೀವು ಕೊಡಿ" ಅಂತ ಕೇಳುವುದಕ್ಕಿಂತ ಬೆಲೆಯನ್ನೇ ಇಳಿಸಿ ಅನ್ನಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ನಿಮ್ಮ ಬೆಲೆಗಿಂತ ಇನ್ನೂ ಕೆಳಗಿದ್ದರೆ, 1 ಲಕ್ಷ ಇಳಿದಾಗ ಶುಲ್ಕದಲ್ಲೂ 7,600 ಉಳಿಯುತ್ತದೆ. ಅವರ ಲಾಭಕ್ಕೆ ತೆರಿಗೆ ಬರುವುದಿದ್ದರೆ ಅದೂ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ನಾನು ಹೇಳುತ್ತಿರುವುದು ನಿಜವಾಗಿ ಬೆಲೆ ಇಳಿಸುವ ಮಾತು, ಕ್ರಯಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದನ್ನು ಕೈಯಲ್ಲಿ ಕೊಡುವುದಲ್ಲ.

ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಅನ್ನುವುದನ್ನು ಕರಾರಿನಲ್ಲಿ ಬರೆಸಿ. ಕ್ರಯದ ದಿನದವರೆಗಿನ ಕಂದಾಯ ಬಾಕಿ ಮಾರುವವರದ್ದೇ. ರಸೀದಿ ಕೇಳಿ ಪಡೆಯಿರಿ.

ನೀವು ಕೇಳದಿದ್ದರೂ ಒಂದು ಮಾತು. ಅಡ್ವಾನ್ಸನ್ನು ನಗದಾಗಿ ಕೊಡಿ ಅಂತ ಕೇಳುವವರು ಈಗಲೂ ಇದ್ದಾರೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ತಗೊಂಡರೆ ತಗೊಂಡಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತಗೊಂಡವರಿಗೆ. ಮಾರುವವರಿಗೆ ಇದನ್ನು ಸಮಾಧಾನವಾಗಿ ತಿಳಿಸಿ, ಹಣವನ್ನು ಅವರ ಬ್ಯಾಂಕ್ ಖಾತೆಗೇ ಹಾಕಿ.