ಫಾರ್ಮ್‌ನ ವಿಡಿಯೋ ಹೊರಬಂದ ಮೇಲೆ ಕಂಪನಿ ಹೇಳುವುದನ್ನು ನಂಬಬಹುದಾ?

ಪ್ರಶ್ನೆ: ಕೋಳಿ ಫಾರ್ಮ್, ಡೈರಿ, ಹಂದಿ ಫಾರ್ಮ್‌ಗಳಲ್ಲಿ ಪ್ರಾಣಿಗಳಿಗೆ ಹಿಂಸೆ ಕೊಡುವ ವಿಡಿಯೋಗಳನ್ನು ಹೋರಾಟಗಾರರು ಆಗಾಗ ಹೊರಗೆ ತರುತ್ತಾರೆ. ಮರುದಿನವೇ ಕಂಪನಿಯವರು "ನಮಗೂ ಆಘಾತವಾಗಿದೆ, ಕಠಿಣ ಕ್ರಮ ತೆಗೆದುಕೊಳ್ಳುತ್ತೇವೆ" ಅನ್ನುತ್ತಾರೆ. ಆಮೇಲೆ ನಿಜವಾಗಿಯೂ ಏನಾದರೂ ಬದಲಾಗುತ್ತದಾ, ಇಲ್ಲ ಅದೆಲ್ಲ ಸುಮ್ನೆ ಹೇಳಿಕೆಯಾ?

ಉತ್ತರ: ಬದಲಾಗುವುದುಂಟು. ಆದರೆ ಆ ಮೊದಲ ಹೇಳಿಕೆಯಿಂದ ಬದಲಾಗುವುದು ತೀರಾ ಕಡಿಮೆ. ಮೊದಲ ವಾರದಲ್ಲಿ ಕಂಪನಿ ಹೇಳುವುದೆಲ್ಲ ಸಾಮಾನ್ಯವಾಗಿ ಮನುಷ್ಯರ ಬಗ್ಗೆ ಇರುತ್ತದೆ. ಯಾರನ್ನು ಕೆಲಸದಿಂದ ತೆಗೆದೆವು, ಯಾರ ಜೊತೆ ವ್ಯವಹಾರ ನಿಲ್ಲಿಸಿದೆವು, ಯಾರ ಮೇಲೆ ದೂರು ಕೊಟ್ಟೆವು ಅನ್ನುವುದು. ಪ್ರಾಣಿಯ ಬದುಕು ಬದಲಾಗಬೇಕಾದರೆ ಅದು ನಿಂತಿರುವ ಜಾಗ ಬದಲಾಗಬೇಕು. ಪಂಜರ, ನೆಲ, ತಳಿ, ಕೆಲಸದ ವೇಗ ಬದಲಾಗಬೇಕು. ಈ ವ್ಯತ್ಯಾಸ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

2019ರ ಜೂನ್‌ನಲ್ಲಿ ಅಮೆರಿಕದ ಇಂಡಿಯಾನಾದ ಫೇರ್ ಓಕ್ಸ್ ಫಾರ್ಮ್ಸ್ ಎಂಬ ದೊಡ್ಡ ಡೈರಿಯ ವಿಡಿಯೋ ಹೊರಬಂತು. ಕೆಲಸಕ್ಕೆ ಸೇರಿಕೊಂಡಿದ್ದ ಹೋರಾಟಗಾರರೊಬ್ಬರು ಗುಟ್ಟಾಗಿ ತೆಗೆದ ವಿಡಿಯೋ ಅದು. ಕರುಗಳನ್ನು ಹೊಡೆಯುವುದು, ಒದೆಯುವುದು, ಎತ್ತಿ ಎಸೆಯುವುದು ಎಲ್ಲ ಅದರಲ್ಲಿತ್ತು. ಅಲ್ಲಿನ ಹಾಲು ಕೋಕಾ-ಕೋಲಾ ಮಾರಾಟ ಮಾಡುತ್ತಿದ್ದ ಫೇರ್‌ಲೈಫ್ ಬ್ರಾಂಡ್‌ಗೆ ಹೋಗುತ್ತಿತ್ತು. ಕೆಲವು ಅಂಗಡಿ ಸರಪಳಿಗಳು ಆ ಬಾಟಲಿಗಳನ್ನು ಕೂಡಲೇ ತೆಗೆದವು. ಡೈರಿಯ ಸ್ಥಾಪಕರು ಹೊಣೆ ನನ್ನದೇ ಎಂದರು. ನಾಲ್ವರು ಕೆಲಸಗಾರರನ್ನು ತೆಗೆಯಲಾಗಿದೆ, ಅದರಲ್ಲಿ ಮೂವರನ್ನು ವಿಡಿಯೋ ಬರುವ ಮೊದಲೇ ತೆಗೆದಿದ್ದೆವು ಎಂದೂ ಹೇಳಿದರು. ಕ್ಯಾಮೆರಾ ಹಾಕಿಸುತ್ತೇವೆ, ತಪಾಸಣೆ ಹೆಚ್ಚಿಸುತ್ತೇವೆ ಎಂಬ ಮಾತೂ ಬಂತು. 2020ರ ಜನವರಿಯಲ್ಲಿ ಕೋಕಾ-ಕೋಲಾ ಫೇರ್‌ಲೈಫ್ ಅನ್ನು ಪೂರ್ತಿಯಾಗಿ ಕೊಂಡುಕೊಂಡಿತು. ಹಸುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ನಂಬಿಸಿ ಹಾಲು ಮಾರಿದರು ಅಂತ ಗ್ರಾಹಕರು ಹೂಡಿದ್ದ ಮೊಕದ್ದಮೆ 2022ರಲ್ಲಿ 2.1 ಕೋಟಿ ಡಾಲರ್‌ಗೆ ರಾಜಿಯಾಯಿತು.

ಈ ಕಥೆಯಲ್ಲಿ ಹಲವು ಬಗೆಯ ಪ್ರತಿಕ್ರಿಯೆ ಇದೆ. ಕ್ಷಮೆ ಇದೆ, ವಜಾ ಇದೆ, ತಪಾಸಣೆಯ ಭರವಸೆ ಇದೆ, ದುಡ್ಡು ಕೊಟ್ಟು ಮುಗಿಸಿದ್ದೂ ಇದೆ. ಹೊಡೆದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಟ್ಟಿದ ಕೂಡಲೇ ಕರುವನ್ನು ತಾಯಿಯಿಂದ ಬೇರೆ ಮಾಡಿ ಒಂಟಿ ಗೂಡಿನಲ್ಲಿ ಇಡುವುದು ದೊಡ್ಡ ಡೈರಿಗಳ ಮಾಮೂಲಿ ಪದ್ಧತಿ. ಅದರ ಬಗ್ಗೆ ಇಂಥ ಹೇಳಿಕೆಗಳಲ್ಲಿ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಕಡಿಮೆ ಸಂಬಳಕ್ಕೆ, ವೇಗದ ಒತ್ತಡದಲ್ಲಿ ದುಡಿಯುವ ಕೆಲಸಗಾರನ ಮೇಲೆ ಎಲ್ಲ ಹೊರಿಸಿದರೆ ಪದ್ಧತಿ ಹಾಗೇ ಉಳಿದುಬಿಡುತ್ತದೆ.

ಪೂರೈಕೆದಾರರನ್ನು ಕೈಬಿಡುವುದು ಇನ್ನೊಂದು ಪ್ರತಿಕ್ರಿಯೆ. ಕೇಳುವುದಕ್ಕೆ ಬಹಳ ಗಟ್ಟಿ ಕ್ರಮ ಅನ್ನಿಸುತ್ತದೆ. 2011ರ ನವೆಂಬರ್‌ನಲ್ಲಿ ಮರ್ಸಿ ಫಾರ್ ಅನಿಮಲ್ಸ್ ಸಂಘಟನೆ ಸ್ಪಾರ್‌ಬೋ ಎಂಬ ಮೊಟ್ಟೆ ಕಂಪನಿಯ ವಿಡಿಯೋ ಬಿಡುಗಡೆ ಮಾಡಿದಾಗ ಮೆಕ್‌ಡೊನಾಲ್ಡ್ಸ್ ಮತ್ತು ಟಾರ್ಗೆಟ್ ಎಂಬ ಅಂಗಡಿ ಸರಪಳಿ ಎರಡೂ ಆ ಕಂಪನಿಯ ಮೊಟ್ಟೆ ಬೇಡ ಎಂದವು. ಆದರೆ ಆ ಶೆಡ್‌ಗಳಲ್ಲಿದ್ದ ಕೋಳಿಗಳ ಗತಿ ಏನಾಯಿತು? ಮರುದಿನವೂ ಅವು ಅದೇ ಪಂಜರದಲ್ಲಿದ್ದವು. ಖರೀದಿದಾರರು ಬದಲಾದರು, ಅಷ್ಟೇ. ಕೊಂಡುಕೊಳ್ಳುವ ಕಂಪನಿ ಅಲ್ಲೇ ಉಳಿದು "ಇಂತಿಂಥದ್ದು ಸರಿಮಾಡಿ, ಇಲ್ಲಾಂದ್ರೆ ಬಿಡ್ತೀವಿ" ಅಂದಿದ್ದರೆ ಜಾಸ್ತಿ ಪ್ರಯೋಜನ ಆಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ ಹತ್ತು ವರ್ಷದೊಳಗೆ ಪಂಜರದಲ್ಲಿಟ್ಟ ಕೋಳಿಗಳ ಮೊಟ್ಟೆ ಕೊಳ್ಳುವುದನ್ನೇ ಬಿಡುತ್ತೇವೆ ಎಂದು ಮೆಕ್‌ಡೊನಾಲ್ಡ್ಸ್ ಹೇಳಿದ್ದು ಅದಾಗಿ ಸುಮಾರು ನಾಲ್ಕು ವರ್ಷದ ಮೇಲೆ, 2015ರ ಸೆಪ್ಟೆಂಬರ್‌ನಲ್ಲಿ. ಅಮೆರಿಕದ ಮಟ್ಟಿಗೆ ಆ ಮಾತನ್ನು ಗಡುವಿಗೆ ಮೊದಲೇ ಉಳಿಸಿಕೊಂಡೆವು ಎಂದು 2024ರಲ್ಲಿ ಅದು ಪ್ರಕಟಿಸಿತು. ವರ್ಷಕ್ಕೆ ಸುಮಾರು 200 ಕೋಟಿ ಮೊಟ್ಟೆ ಕೊಳ್ಳುವ ಕಂಪನಿ ಅದು. ಅದರ ಒಂದು ನಿಯಮ ಬದಲಾದರೆ ಲಕ್ಷಾಂತರ ಕೋಳಿಗಳು ಪಂಜರದಿಂದ ಹೊರಬರುತ್ತವೆ.

ಹೊರಬರುವುದು ಅಂದರೆ ಎಷ್ಟು ದೊಡ್ಡ ವಿಷಯ ಅಂತ ತಿಳಿಯಲು ಒಂದು ಎ4 ಹಾಳೆ ತೆಗೆದು ಮೇಜಿನ ಮೇಲೆ ಇಡಿ. ಅದನ್ನು ಅಡ್ಡಕ್ಕೆ ಅರ್ಧ ಮಡಿಸಿ. 1990ರ ದಶಕದಲ್ಲಿ ಅಮೆರಿಕದ ಪಂಜರಗಳಲ್ಲಿ ಒಂದು ಕೋಳಿಗೆ ಸಿಗುತ್ತಿದ್ದ ಜಾಗ ಹೆಚ್ಚುಕಮ್ಮಿ ಅಷ್ಟೇ. 2000ದಲ್ಲಿ, ಹೋರಾಟದ ಒತ್ತಡ ಜೋರಾಗಿದ್ದಾಗ, ಮೆಕ್‌ಡೊನಾಲ್ಡ್ಸ್ ಇದನ್ನು 72 ಚದರ ಇಂಚಿಗೆ ಏರಿಸಬೇಕು ಎಂದು ಪೂರೈಕೆದಾರರಿಗೆ ಹೇಳಿತು. ಅಂದರೆ ಮುಕ್ಕಾಲು ಹಾಳೆ. ಅಷ್ಟರಲ್ಲಿ ಕೋಳಿ ರೆಕ್ಕೆ ಬಿಚ್ಚಲಾರದು, ಮೊಟ್ಟೆಯಿಡಲು ಮರೆ ಹುಡುಕಲಾರದು, ಮಣ್ಣು ಕೆದಕಲಾರದು. ಆದರೂ ಅದು ಅಳೆಯಬಹುದಾದ ಬದಲಾವಣೆ. ಯಾರು ಬೇಕಾದರೂ ಟೇಪ್ ಹಿಡಿದು ನೋಡಬಹುದು.

ಅಳತೆಯ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಉದಾಹರಣೆ ಫಾರ್ಮ್‌ನದ್ದಲ್ಲ, ಕಸಾಯಿಖಾನೆಯದ್ದು. ಪ್ರಾಣಿಗಳ ನಡವಳಿಕೆಯ ತಜ್ಞೆ ಟೆಂಪಲ್ ಗ್ರ್ಯಾಂಡಿನ್ ಅವರು 1996ರಲ್ಲಿ ಅಮೆರಿಕದ ಕೃಷಿ ಇಲಾಖೆಗಾಗಿ ಸಮೀಕ್ಷೆ ಮಾಡಿದರು. ಕೊಯ್ಯುವ ಮೊದಲು ನೂರರಲ್ಲಿ 95 ದನಗಳಿಗಾದರೂ ಒಂದೇ ಹೊಡೆತಕ್ಕೆ ಪ್ರಜ್ಞೆ ತಪ್ಪಬೇಕು ಅನ್ನುವುದು ಅವರ ಅಳತೆ. ಹೆಚ್ಚಿನ ಕಸಾಯಿಖಾನೆಗಳು ಅದನ್ನು ದಾಟಲಿಲ್ಲ. 1999ರಿಂದ ಗ್ರ್ಯಾಂಡಿನ್ ಅವರ ಪದ್ಧತಿಯಲ್ಲಿ ಮೆಕ್‌ಡೊನಾಲ್ಡ್ಸ್ ತಪಾಸಣೆ ಶುರುಮಾಡಿತು. ಎಷ್ಟು ದನ ಕೂಗಿದವು, ಎಷ್ಟು ಜಾರಿ ಬಿದ್ದವು, ಎಷ್ಟಕ್ಕೆ ಕರೆಂಟಿನ ಕೋಲು ತಾಗಿಸಿದರು ಅಂತ ಒಂದೊಂದಾಗಿ ಎಣಿಸುವುದು. ಗುತ್ತಿಗೆ ಕೈತಪ್ಪುವ ಭಯ ಬಂದ ಕೂಡಲೇ ಫಲಿತಾಂಶ ಬೇಗ ಸುಧಾರಿಸಿತು. ಮಾಡಿದ ಕೆಲಸಗಳೂ ಬಹುಪಾಲು ಚಿಕ್ಕವೇ. ಪ್ರಜ್ಞೆ ತಪ್ಪಿಸುವ ಉಪಕರಣವನ್ನು ಸರಿಯಾಗಿ ಇಟ್ಟುಕೊಂಡರು, ನೆಲ ಜಾರದ ಹಾಗೆ ಮಾಡಿದರು, ಕತ್ತಲಿದ್ದ ದಾರಿಗೆ ದೀಪ ಹಾಕಿದರು. ಇದನ್ನೆಲ್ಲ ಮೊದಲೇ ಮಾಡಬಹುದಿತ್ತು, ಯಾರೂ ಕೇಳಿರಲಿಲ್ಲ. ಇದನ್ನು ಓದಿದಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಕೋರ್ಟು, ಕಾನೂನಿನ ದಾರಿ. ಕ್ಯಾಮೆರಾ ತಂದವರನ್ನೇ ತಡೆಯುವ ಪ್ರಯತ್ನ ಇದು. ಅಮೆರಿಕದ ಹಲವು ರಾಜ್ಯಗಳಲ್ಲಿ ಕೃಷಿ ಉದ್ಯಮದ ಬೆಂಬಲದಿಂದ 'ಆಗ್-ಗ್ಯಾಗ್' ಎಂದು ಕರೆಯುವ ಕಾನೂನುಗಳು ಬಂದವು. ಕ್ಯಾನ್ಸಾಸ್ 1990ರಲ್ಲೇ ತಂದಿತ್ತು. 2012ರಲ್ಲಿ ಅಯೋವಾ ಮತ್ತು ಯೂಟಾ, 2014ರಲ್ಲಿ ಐಡಾಹೊ ತಂದವು. ಸುಳ್ಳು ಹೇಳಿ ಫಾರ್ಮ್‌ನಲ್ಲಿ ಕೆಲಸಕ್ಕೆ ಸೇರುವುದು, ಅನುಮತಿ ಇಲ್ಲದೆ ಚಿತ್ರೀಕರಿಸುವುದು ಇಂಥವನ್ನು ಅಪರಾಧ ಮಾಡುವ ಕಾನೂನುಗಳು ಇವು. 2015ರಲ್ಲಿ ಐಡಾಹೊ, 2017ರಲ್ಲಿ ಯೂಟಾ, 2019ರಲ್ಲಿ ಅಯೋವಾದ ಕಾನೂನನ್ನು ಫೆಡರಲ್ ನ್ಯಾಯಾಧೀಶರು ಸಂವಿಧಾನಕ್ಕೆ ವಿರುದ್ಧ ಎಂದರು. ಐಡಾಹೊದ ಕಾನೂನಿನ ಕೆಲವು ಅಂಶ ಮೇಲ್ಮನವಿಯಲ್ಲಿ ಉಳಿದುಕೊಂಡವು. ಅಯೋವಾ ಅದೇ ವರ್ಷ ಹೊಸ ಕಾನೂನು ತಂದಿತು.

ಕೋರ್ಟಿಗೆ ಹೋದವರೇ ಮುಜುಗರಪಟ್ಟ ಪ್ರಸಂಗವೂ ಇದೆ. ಲಂಡನ್‌ನಲ್ಲಿ ಕರಪತ್ರ ಹಂಚಿದ ಹೋರಾಟಗಾರರ ಮೇಲೆ ಮೆಕ್‌ಡೊನಾಲ್ಡ್ಸ್ 1990ರಲ್ಲಿ ಮಾನನಷ್ಟ ಮೊಕದ್ದಮೆ ಹೂಡಿತು. 1997ರಲ್ಲಿ ತೀರ್ಪು ಬಂತು. ಕರಪತ್ರದ ಹಲವು ಆರೋಪ ಸುಳ್ಳು ಎಂದರು ನ್ಯಾಯಾಧೀಶರು. ಆದರೆ ಕೆಲವು ಪ್ರಾಣಿಹಿಂಸೆಯ ಪದ್ಧತಿಗಳಿಗೆ ಕಂಪನಿ ಹೊಣೆ ಎಂದೂ ಅದೇ ತೀರ್ಪಿನಲ್ಲಿ ಬರೆದರು. ಸುಮ್ಮನಿದ್ದಿದ್ದರೆ ಒಂದು ಕರಪತ್ರ ಕೆಲವರ ಕೈಯಲ್ಲಿ ಮುಗಿದುಹೋಗುತ್ತಿತ್ತು.

ಕಂಪನಿಗಳ ಒಂದು ವಾದವನ್ನು ಮಾತ್ರ ಗೌರವದಿಂದ ಕೇಳಬೇಕು. ಹೊರಗಿನವರು ಶೆಡ್‌ಗೆ ನುಗ್ಗಿದರೆ ರೋಗ ಬರಬಹುದು ಎನ್ನುತ್ತಾರೆ. ಹಕ್ಕಿಜ್ವರದ ಕಾಲದಲ್ಲಿ ಅದು ನಿಜವಾದ ಅಪಾಯ. ಬೂಟು, ಬಟ್ಟೆ, ಗಾಡಿಯ ಚಕ್ರದಿಂದಲೂ ವೈರಸ್ ಹರಡುತ್ತದೆ. ಆದರೆ ಈ ವಾದ ರಾತ್ರಿ ಬೇಲಿ ಹಾರಿ ಬಂದವರಿಗೆ ಅನ್ವಯಿಸುತ್ತದೆ. ಒಳಗೇ ದುಡಿಯುವ ಕೆಲಸಗಾರ ಜೇಬಿನ ಫೋನಿನಲ್ಲಿ ತೆಗೆದ ವಿಡಿಯೋಗೆ ಅದನ್ನೇ ಅಡ್ಡ ತಂದರೆ ಒಪ್ಪಲಾಗದು, ಅಲ್ವಾ?

ಒಳಗಿನವರೇ ಬಾಗಿಲು ತೆರೆದರೆ ಏನಾಗುತ್ತದೆ? ಉತ್ತರ ಕೆರೊಲಿನಾದ ಕ್ರೇಗ್ ವಾಟ್ಸ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪರ್ಡ್ಯೂ ಎಂಬ ಕೋಳಿಮಾಂಸ ಕಂಪನಿಗೆ ಗುತ್ತಿಗೆಯಲ್ಲಿ ಕೋಳಿ ಸಾಕಿದ ರೈತ. ಈ ಪದ್ಧತಿಯಲ್ಲಿ ಮರಿ ಕಂಪನಿಯದ್ದು, ಮೇವು ಕಂಪನಿಯದ್ದು. ಶೆಡ್ ಮತ್ತು ಅದಕ್ಕೆ ಮಾಡಿದ ಸಾಲ ರೈತನದ್ದು. 2014ರಲ್ಲಿ ಅವರು ಪ್ರಾಣಿ ಕಲ್ಯಾಣ ಸಂಘಟನೆಯೊಂದನ್ನು ಕರೆದು ತನ್ನ ಶೆಡ್ ತೋರಿಸಿದರು. ಹೊಟ್ಟೆಯ ಪುಕ್ಕ ಉದುರಿ ಚರ್ಮ ಕೆಂಪಾದ ಕೋಳಿಗಳು, ಬೇಗ ಬೆಳೆದ ಮೈಭಾರ ಹೊರಲಾರದೆ ಕುಸಿದು ಕೂತ ಕೋಳಿಗಳು ಅಲ್ಲಿದ್ದವು. ತಪ್ಪು ರೈತನ ಆರೈಕೆಯದ್ದು ಎಂದಿತು ಕಂಪನಿ. ತಪಾಸಣೆಯ ಮೇಲೆ ತಪಾಸಣೆ ಬಂತು. ಆದರೆ 2016ರ ಜೂನ್‌ನಲ್ಲಿ ಅದೇ ಪರ್ಡ್ಯೂ ಹೊಸ ಪ್ರಾಣಿ ಆರೈಕೆ ನೀತಿ ಪ್ರಕಟಿಸಿತು. ಶೆಡ್‌ಗಳಿಗೆ ಕಿಟಕಿ ಇಡುತ್ತೇವೆ, ಸಾಕುವ ರೈತರ ಮಾತು ಹೆಚ್ಚು ಕೇಳುತ್ತೇವೆ ಎಂದಿತು. ಮೊದಲು ಅಲ್ಲಗಳೆದು ಎರಡು ವರ್ಷದ ಒಳಗೆ ದಾರಿ ಬದಲಿಸುವುದು ಈ ಉದ್ಯಮದಲ್ಲಿ ಅಪರೂಪವಲ್ಲ. ಆದರೆ ಮೊದಲು ಬಾಯಿ ಬಿಟ್ಟವನು ತೆತ್ತ ಬೆಲೆಯನ್ನು ಯಾವ ನೀತಿಯೂ ತುಂಬಿಕೊಡುವುದಿಲ್ಲ.

ಭರವಸೆ ಕೊಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ಯುರೋಪಿಯನ್ ಒಕ್ಕೂಟ ಗೂಡು, ಕೂರುವ ಕೋಲು ಏನೂ ಇಲ್ಲದ ಹಳೆಯ ಮಾದರಿಯ ಬರಿ ಪಂಜರಗಳಲ್ಲಿ ಮೊಟ್ಟೆಕೋಳಿ ಸಾಕುವುದನ್ನು 2012ರ ಜನವರಿ 1ರಿಂದ ನಿಷೇಧಿಸಿತು. ಕಾನೂನು 1999ರಲ್ಲೇ ಆಗಿತ್ತು, ಹನ್ನೆರಡು ವರ್ಷ ಸಮಯ ಕೊಟ್ಟಿದ್ದರು. ಆದರೂ ಆ ತಿಂಗಳು 13 ದೇಶಗಳಿಗೆ ನೋಟಿಸ್ ಹೋಯಿತು. ಕಾನೂನಿಗೇ ಹೀಗಾದರೆ ಕಂಪನಿ ತಾನಾಗಿ ಕೊಟ್ಟ ಮಾತಿನ ಮೇಲೆ ಎಷ್ಟು ಕಣ್ಣಿಡಬೇಕು ಯೋಚಿಸಿ. ಅಮೆರಿಕದಲ್ಲಿ 2015-16ರಲ್ಲಿ ಒಂದರ ಹಿಂದೆ ಒಂದು ಕಂಪನಿ 2025ರೊಳಗೆ ಪಂಜರದ ಮೊಟ್ಟೆ ಬಿಡುತ್ತೇವೆ ಎಂದಿತು. 2024ರ ಹೊತ್ತಿಗೆ ಅಲ್ಲಿ ಮೊಟ್ಟೆಕೋಳಿಗಳಲ್ಲಿ ನೂರಕ್ಕೆ ಸುಮಾರು 40 ಮಾತ್ರ ಪಂಜರದ ಹೊರಗಿದ್ದವು. ಬೆಲೆ, ಹಕ್ಕಿಜ್ವರ, ಪೂರೈಕೆ ಸಾಲದು ಎಂಬ ಕಾರಣಗಳು ಬಂದವು. ಅದಕ್ಕೆ ಹತ್ತು ವರ್ಷ ಹಿಂದೆ ತೀರಾ ಕಡಿಮೆ ಇದ್ದ ಕಡೆ ಇಷ್ಟಾಗಿದ್ದು ಹೋರಾಟದ ಫಲವೇ. ಆದರೆ ಉಳಿದ ಮಾತನ್ನು ಎಷ್ಟೋ ಕಂಪನಿಗಳು ಸದ್ದಿಲ್ಲದೆ ಮುಂದಕ್ಕೆ ತಳ್ಳಿದವು.

ಹಾಗಾಗಿ ಹೇಳಿಕೆ ಓದುವಾಗ ಒಂದೊಂದು ಪದವನ್ನೂ ನೋಡಿ. ಗಬ್ಬದ ಹಂದಿಗಳನ್ನು ತಿರುಗಲೂ ಆಗದಷ್ಟು ಕಿರಿದಾದ ಕಬ್ಬಿಣದ ಕಟಕಟೆಯಲ್ಲಿ ಇಡುವುದನ್ನು ತಮ್ಮ ಪೂರೈಕೆದಾರರಿಂದ ನಿಲ್ಲಿಸುವುದಾಗಿ ಮೆಕ್‌ಡೊನಾಲ್ಡ್ಸ್ 2012ರಲ್ಲಿ ಹೇಳಿತ್ತು. ಆಮೇಲೆ ಅದು ಕೊಟ್ಟ ಲೆಕ್ಕ 'ಗಬ್ಬ ಖಚಿತವಾದ' ಹಂದಿಗಳದ್ದು. ಖಚಿತವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಹಂದಿ ಕಟಕಟೆಯಲ್ಲೇ ಇರಬಹುದು. ಹಂದಿಯ ಗಬ್ಬದ ಅವಧಿಯೇ ಸುಮಾರು 114 ದಿನ. ಹೂಡಿಕೆದಾರ ಕಾರ್ಲ್ ಐಕಾನ್ 2022ರಲ್ಲಿ ಇದನ್ನೇ ಹಿಡಿದು ಕಂಪನಿಯ ಆಡಳಿತ ಮಂಡಳಿಗೆ ತನ್ನ ಕಡೆಯವರನ್ನು ನಿಲ್ಲಿಸಿದರು. ಅವರಿಗೆ ಬಿದ್ದ ಮತ ನೂರಕ್ಕೆ ಒಂದರ ಆಸುಪಾಸು.

ನೀವು ಗ್ರಾಹಕರಾಗಿ ಕಂಪನಿಗೆ ಬರೆಯುವುದಾದರೆ ಆಘಾತ, ವಿಷಾದದ ಬಗ್ಗೆ ಕೇಳಬೇಡಿ. ಯಾವ ಪದ್ಧತಿ ನಿಲ್ಲುತ್ತದೆ, ಯಾವ ತಾರೀಖಿನೊಳಗೆ, ಎಲ್ಲ ಪೂರೈಕೆದಾರರಿಗೂ ಅನ್ವಯವಾಗುತ್ತದಾ, ತಪಾಸಣೆ ಮಾಡುವವರಿಗೆ ದುಡ್ಡು ಕೊಡುವವರು ಯಾರು, ಹೇಳದೆ ಕೇಳದೆ ಬಂದು ನೋಡುತ್ತಾರಾ ಅಂತ ಕೇಳಿ. ಅವರ ವಾರ್ಷಿಕ ವರದಿಯಲ್ಲಿ ಹೋದ ವರ್ಷ ಇದ್ದ ಗಡುವು ಈ ವರ್ಷವೂ ಅದೇ ಜಾಗದಲ್ಲಿ ಇದೆಯಾ ಅಂತ ಒಮ್ಮೆ ಹೋಲಿಸಿ ನೋಡಿ. ಕಾಣೆಯಾಗಿದ್ದರೆ ಆ ಹಳೆಯ ಪುಟವನ್ನೇ ಲಗತ್ತಿಸಿ ಮತ್ತೆ ಬರೆಯಿರಿ.