ಬೆಳ್ಳಿಯ ಮೇಲೆ ಬೆಳ್ಳಿ ಯಾಕೆ ಸಪಾಟಾಗಿ ಬೆಳೆಯುವುದಿಲ್ಲ?

ಹರಳಿನ ಮೇಲೆ ತೆಳು ಪದರ ಬೆಳೆಯುವ 3 ಬಗೆಗಳನ್ನು 1958ರಲ್ಲಿ ಅರ್ನ್ಸ್ಟ್ ಬೌವರ್ ವಿಂಗಡಿಸಿದರು. ಪದರದ ಮೇಲೆ ಪದರ, ಮೊದಲಿನಿಂದಲೇ ಗುಡ್ಡೆ, ಮೊದಲು ಪದರ ಆಮೇಲೆ ಗುಡ್ಡೆ. ಹೊಸ ಪದರದ ಮೇಲ್ಮೈ ಶಕ್ತಿಗೆ (ಮೇಲ್ಮೈ ಉಂಟಾಗಲು ತಗಲುವ ಶಕ್ತಿ) ಎರಡು ವಸ್ತುಗಳು ಸೇರುವ ಗಡಿಯ ಶಕ್ತಿ ಕೂಡಿಸಿ. ಮೊತ್ತ ಕೆಳಗಿನ ಲೋಹದ ಮೇಲ್ಮೈ ಶಕ್ತಿಯನ್ನು ಮೀರದಿದ್ದರೆ ಪದರ ಹರಡುತ್ತದೆ, ಮೀರಿದರೆ ಗುಡ್ಡೆ.

ನಾನು ಸಿಕ್ಕಿಕೊಂಡದ್ದು ಇಲ್ಲೇ. ಬೆಳ್ಳಿ ಹರಳಿನ (111) ಮುಖದ ಮೇಲೆ, ಅಂದರೆ ಪರಮಾಣುಗಳು ಒತ್ತಾಗಿ ಕೂತ ಮುಖದ ಮೇಲೆ, ಬೆಳ್ಳಿಯನ್ನೇ ಕೂರಿಸಿದರೆ? ಒಂದೇ ಲೋಹ, ಗಡಿ ಎಂಬುದೇ ಇಲ್ಲ. ಸಪಾಟಾಗಿ ಬೆಳೆಯಬೇಕು ಅಲ್ವಾ? ಆದರೆ ಕೋಣೆಯ ಉಷ್ಣತೆಯಲ್ಲಿ ಏಳುವುದು ಗುಡ್ಡೆಗಳು.

ಬೌವರ್ ಲೆಕ್ಕ ನೆಮ್ಮದಿಯಾಗಿ ನೆಲೆಗೊಂಡ ಪರಮಾಣುಗಳದ್ದು. ನಿಜದಲ್ಲಿ ಅವು ಮಳೆಯಂತೆ ಬೀಳುತ್ತಿರುತ್ತವೆ. ಬಿದ್ದವು ಅಲ್ಲಲ್ಲಿ ಸೇರಿ ಒಂದು ಪದರದ ತುಣುಕುಗಳಾಗುತ್ತವೆ, ಅವೇ ದ್ವೀಪಗಳು. ದ್ವೀಪದ ಮೇಲೆ ಬಿದ್ದ ಪರಮಾಣು ಅಂಚು ದಾಟಿ ಕೆಳಗಿಳಿದರೆ ಮಾತ್ರ ಕೆಳಗಿನ ಪದರ ತುಂಬುತ್ತದೆ. ಇಳಿಯುವುದು ಸುಲಭ ಅಂದುಕೊಂಡಿದ್ದೆ. ಅಟ್ಟದಿಂದ ಏಣಿಗೆ ಕಾಲಿಡುವುದನ್ನು ನೆನೆದ ಮೇಲೆ ಅರ್ಥವಾಯಿತು: ಒಂದು ಕಾಲು ಅಟ್ಟ ಬಿಟ್ಟಿದೆ, ಏಣಿ ಇನ್ನೂ ಸಿಕ್ಕಿಲ್ಲ. ಸಮತಟ್ಟಿನಲ್ಲಿ ಕೂತ ಪರಮಾಣುವಿಗೆ ಕೆಳಗೆ 3 ಆಸರೆ. ಇಳಿದ ಮೇಲೆ ಪಕ್ಕದ ಅಂಚೂ ಸೇರಿ 5. ಆದರೆ ನಡುದಾರಿಯಲ್ಲಿ ಆಸರೆ ಕಡಿಮೆ. ಸುಮ್ನೆ ಪಕ್ಕಕ್ಕೆ ಜರುಗುವಾಗಲೂ ಅದು ತಗ್ಗುತ್ತದೆ, ಅಂಚಿನಲ್ಲಿ ಇನ್ನೂ ಜಾಸ್ತಿ ತಗ್ಗುತ್ತದೆ. ಆ ಹೆಚ್ಚುವರಿಯೇ ಎರ್ಲಿಕ್–ಶ್ವೋಬೆಲ್ ತಡೆ. 1966ರಲ್ಲಿ ಟಂಗ್‌ಸ್ಟನ್ ಮೇಲೆ ಪರಮಾಣುಗಳು ಅಂಚಿನಿಂದ ವಾಪಸ್ ತಿರುಗುವುದನ್ನು ಎರ್ಲಿಕ್ ತಂಡ ಕಣ್ಣಾರೆ ಕಂಡಿತು. ಹೀಗೆ ಮೇಲೆ ಉಳಿದವು ಒಂದನ್ನೊಂದು ಸೇರಿ ಮೇಲೆಯೇ ಹೊಸ ದ್ವೀಪ ಕಟ್ಟುತ್ತವೆ.

ಹಾಗಾದರೆ ತಣ್ಣಗಾದಷ್ಟೂ ತಡೆ ದಾಟುವುದು ಕಷ್ಟ, ಗುಡ್ಡೆ ಜಾಸ್ತಿ ಅಂತ ಬರೆದುಕೊಂಡೆ. ಅದು ತಪ್ಪು. ಪ್ಲಾಟಿನಂ (111) ಮೇಲೆ ಪ್ಲಾಟಿನಂ ಸುಮಾರು 620 ಕೆಲ್ವಿನ್‌ನಲ್ಲಿ ಪದರವಾಗಿ ಬೆಳೆಯುತ್ತದೆ, 420ರ ಹತ್ತಿರ ಗುಡ್ಡೆಯಾಗುತ್ತದೆ, 275ರ ಸುಮಾರಿಗೆ ಮತ್ತೆ ಪದರ! 1990ರಲ್ಲಿ ಹೀಲಿಯಂ ಕಿರಣ ಬಿಟ್ಟು ಇದನ್ನು ಕಂಡುಕೊಂಡರು. ಪದರ ತುಂಬಿದಾಗ ಕನ್ನಡಿಯಂತೆ ಪ್ರತಿಫಲನ ಏರುತ್ತದೆ, ಅರ್ಧ ತುಂಬಿದಾಗ ಇಳಿಯುತ್ತದೆ.

ಚಳಿಯಲ್ಲಿ ಪರಮಾಣು ದೂರ ಓಡಲಾರದು. ಹಾಗಾಗಿ ದ್ವೀಪಗಳು ಚಿಕ್ಕವು, ಅಂಚು ಹರಕು ಮುರುಕು. ಚಿಕ್ಕ ದ್ವೀಪದ ಮೇಲಿನ ಪರಮಾಣು ಮತ್ತೆ ಮತ್ತೆ ಅಂಚಿಗೇ ಬರುತ್ತದೆ, ಹರುಕು ಅಂಚಿನಲ್ಲಿ ಇಳಿಯುವ ಜಾಗವೂ ಸಿಗುತ್ತದೆ. ನಾನು ಈಗ ಮೊದಲು ಕೇಳುವ ಪ್ರಶ್ನೆ ಇದೇ: ದ್ವೀಪ ಎಷ್ಟು ದೊಡ್ಡದು?

ಬೆಳ್ಳಿಗೂ ಇದೇ ಉಪಾಯ. ಮೊದಲೇ ಚೂರು ಆಂಟಿಮನಿ ಎಂಬ ಧಾತು ಕೂರಿಸಿದರೆ ಬೆಳ್ಳಿ ಪದರ ಪದರವಾಗಿ ಬೆಳೆಯುತ್ತದೆ ಎಂದು 1992ರಲ್ಲಿ ತೋರಿಸಿದರು. ಆಂಟಿಮನಿ ಹೂತುಹೋಗದೆ ಮೇಲೆಯೇ ತೇಲುತ್ತಾ ಬೆಳ್ಳಿಯ ಓಡಾಟ ತಗ್ಗಿಸುತ್ತದೆ. ದ್ವೀಪಗಳು ಹೆಚ್ಚುತ್ತವೆ, ಚಿಕ್ಕದಾಗುತ್ತವೆ.