ಹೊಸ ಮತದಾರರು: ಗುಂಪು ಮಾಡುವ ಮೊದಲು ಅಂಕಿ ನೋಡಿ
ಮೊದಲ ಸಲ ಮತ ಹಾಕಬೇಕಾದವರು ಎಲ್ಲಿ ಮತದಾರರ ಪಟ್ಟಿಗೆ ಸೇರಿದ್ದಾರೆ, ಎಲ್ಲಿ ಹೊರಗೇ ಉಳಿದಿದ್ದಾರೆ? ನೂರಾರು ಪ್ರದೇಶಗಳ ಅಂಕಿಗಳನ್ನು ಒಂದೊಂದಾಗಿ ನೋಡುತ್ತಾ ಕೂತರೆ ಇದು ತಿಳಿಯುವುದಿಲ್ಲ. ಅದಕ್ಕೇ ಕ್ಲಸ್ಟರಿಂಗ್ ಬೇಕು. ಒಂದೇ ಥರದ ಪ್ರದೇಶಗಳನ್ನು ಅದು ಒಟ್ಟಿಗೆ ಸೇರಿಸಿ ಕೊಡುತ್ತದೆ.

ಜಾಸ್ತಿ ಬಳಕೆಯಲ್ಲಿರುವುದು ಕೆ-ಮೀನ್ಸ್. 1967ರಲ್ಲಿ ಜೇಮ್ಸ್ ಮ್ಯಾಕ್‌ಕ್ವೀನ್ ಕೊಟ್ಟ ಹೆಸರು ಇದು. ಎಷ್ಟು ಗುಂಪು ಬೇಕೆಂದು ನಾವು ಹೇಳುತ್ತೇವೆ. ಅದು ಅಷ್ಟು ಕೇಂದ್ರಗಳನ್ನು ಇಟ್ಟುಕೊಂಡು, ಪ್ರತಿ ಪ್ರದೇಶವನ್ನೂ ಹತ್ತಿರದ ಕೇಂದ್ರಕ್ಕೆ ಸೇರಿಸುತ್ತದೆ. ಆಮೇಲೆ ಗುಂಪಿನ ಸರಾಸರಿಯೇ ಹೊಸ ಕೇಂದ್ರ. ಗುಂಪುಗಳು ಬದಲಾಗದೆ ನಿಲ್ಲುವ ತನಕ ಇದೇ ಕೆಲಸ.

ಈ ‘ಹತ್ತಿರ’ ಅನ್ನುವ ಮಾತಿನಲ್ಲೇ ನಾನು ಮೊದಲ ಸಲ ಎಡವಿದ್ದು. ಮೂರು ಪ್ರದೇಶಗಳಿವೆ ಅಂದುಕೊಳ್ಳಿ. ಮೊದಲನೆಯದರಲ್ಲಿ 400 ಯುವಕ ಯುವತಿಯರು, ಪಟ್ಟಿಗೆ ಸೇರಿದವರು ಶೇ 60. ಎರಡನೆಯದರಲ್ಲಿ 420, ಸೇರಿದವರು ಶೇ 20. ಮೂರನೆಯದರಲ್ಲಿ 900, ಸೇರಿದವರು ಶೇ 58. ಮೊದಲನೆಯದೂ ಮೂರನೆಯದೂ ಒಂದೇ ಥರ, ಅಲ್ವಾ? ಆದರೆ ಅಂಕಿಗಳನ್ನು ಹಾಗೇ ಕೊಟ್ಟರೆ, ಲೆಕ್ಕದಲ್ಲಿ ಮೊದಲೆರಡರ ನಡುವಿನ ದೂರ ಸುಮಾರು 45, ಮೊದಲನೆಯದಕ್ಕೂ ಮೂರನೆಯದಕ್ಕೂ 500! ದೊಡ್ಡ ಸಂಖ್ಯೆ ಚಿಕ್ಕದನ್ನು ನುಂಗಿಬಿಡುತ್ತದೆ. ನನಗೆ ಸಿಕ್ಕ ಗುಂಪುಗಳು ಬರೀ ದೊಡ್ಡ ಊರು, ಸಣ್ಣ ಊರು ಎಂದಷ್ಟೇ ಹೇಳುತ್ತಿದ್ದವು. ಈಗ ಜನರ ಸಂಖ್ಯೆ ಬಿಟ್ಟು, ಪಟ್ಟಿಗೆ ಸೇರಿದವರ ಪ್ರಮಾಣವನ್ನು ಕೊಡುತ್ತೇನೆ. ಮತಗಟ್ಟೆಗೆ ಇರುವ ದೂರದಂಥ ಬೇರೆ ಅಂಕಿಗಳೂ ಇದ್ದರೆ ಎಲ್ಲವನ್ನೂ ಮೊದಲು ಒಂದೇ ಅಳತೆಗೆ ತರುತ್ತೇನೆ.

ಪ್ರಮಾಣವನ್ನೂ ಸುಮ್ನೆ ನಂಬುವಂತಿಲ್ಲ. ಪಟ್ಟಿಯಲ್ಲಿರುವವರ ಸಂಖ್ಯೆಯನ್ನು ಜನಗಣತಿಯ ಸಂಖ್ಯೆಯಿಂದ ಭಾಗಿಸಿ ತಾನೇ ಅದು ಸಿಗುವುದು. ಓದಲೆಂದು ಬೇರೆ ಊರಲ್ಲಿರುವ ಹುಡುಗಿಯನ್ನು ಜನಗಣತಿ ಹಾಸ್ಟೆಲ್‌ನಲ್ಲಿ ಎಣಿಸಿರಬಹುದು, ಅವಳ ಹೆಸರು ಮಾತ್ರ ಅಪ್ಪ ಅಮ್ಮನ ಮನೆಯ ವಿಳಾಸದಲ್ಲಿ ಪಟ್ಟಿಗೆ ಸೇರಿರಬಹುದು. ಆಗ ಹಾಸ್ಟೆಲ್ ಇರುವ ಪ್ರದೇಶ ತೀರಾ ಹಿಂದುಳಿದಂತೆ ಕಾಣುತ್ತದೆ. ಅವಳ ಊರಲ್ಲಿ ಪ್ರಮಾಣ ಶೇ 100 ದಾಟಲೂಬಹುದು. ಅಂಥ ಅಂಕಿ ಕಂಡರೆ ಅಳಿಸಬೇಡಿ, ಕಾರಣ ಹುಡುಕಿ. ಹನ್ನೆರಡೇ ಜನ ಇರುವ ಪ್ರದೇಶವನ್ನು ಪಕ್ಕದ್ದರ ಜೊತೆ ಸೇರಿಸಿಕೊಳ್ಳಿ. ಅಲ್ಲಿ ಮೂವರು ಸೇರಿದರೆ ಸಾಕು, ಪ್ರಮಾಣ ಶೇ 25 ಏರುತ್ತದೆ.

ಎಷ್ಟು ಗುಂಪು ಮಾಡಬೇಕು? ಪೀಟರ್ ರೂಸೊ 1987ರಲ್ಲಿ ಕೊಟ್ಟ ಸಿಲೂಎಟ್ ಅಳತೆ ಇಲ್ಲಿ ನೆರವಿಗೆ ಬರುತ್ತದೆ. ಅದು -1ರಿಂದ 1ರವರೆಗೆ ಇರುತ್ತದೆ. 1ರ ಹತ್ತಿರ ಇದ್ದರೆ ಪ್ರದೇಶ ತನ್ನ ಗುಂಪಿಗೆ ಚೆನ್ನಾಗಿ ಹೊಂದಿದೆ ಎಂದರ್ಥ. ಎಷ್ಟು ಗುಂಪು ಮಾಡಿದಾಗ ಇದರ ಸರಾಸರಿ ಹೆಚ್ಚು ಬರುತ್ತದೋ ಅದನ್ನು ಆರಿಸಬಹುದು. ಆದರೂ ನಾಲ್ಕು ಗುಂಪಿಗೆ ನಾಲ್ಕು ಬೇರೆ ಬೇರೆ ಕೆಲಸ ಮಾಡಲು ಜನ ಇಲ್ಲದಿದ್ದರೆ, ನಾನು ಮೂರಕ್ಕೇ ನಿಲ್ಲಿಸುತ್ತೇನೆ. ಆರಂಭದ ಕೇಂದ್ರ ಬದಲಾದರೆ ಫಲಿತಾಂಶವೂ ಬದಲಾಗಬಹುದು, ಹಾಗಾಗಿ ಹತ್ತಾರು ಸಲ ಓಡಿಸಿ ನೋಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಾವು ಗುಂಪು ಮಾಡಿದ್ದು ಪ್ರದೇಶಗಳನ್ನು, ಮನುಷ್ಯರನ್ನಲ್ಲ. ಪ್ರದೇಶದ ಸರಾಸರಿ ಹಿಡಿದು ವ್ಯಕ್ತಿಯನ್ನು ಅಳೆಯಬಾರದೆಂದು ವಿಲಿಯಂ ರಾಬಿನ್ಸನ್ 1950ರಲ್ಲೇ ತೋರಿಸಿಕೊಟ್ಟರು. ‘ಕಡಿಮೆ ನೋಂದಣಿ’ ಗುಂಪಿನ ಹುಡುಗನಿಗೆ ಆಸಕ್ತಿಯೇ ಇಲ್ಲ ಅಂತ ಬರೆದುಬಿಟ್ಟರೆ ಅದು ಅನ್ಯಾಯ. ಈ ಕೆಲಸಕ್ಕೆ ಯಾರ ಹೆಸರೂ, ಫೋನ್ ನಂಬರೂ ಬೇಕಿಲ್ಲ, ಪ್ರದೇಶದ ಒಟ್ಟು ಅಂಕಿ ಸಾಕು.

ಗುಂಪುಗಳ ಪಟ್ಟಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಸಿಲೂಎಟ್ ಸೊನ್ನೆಯ ಹತ್ತಿರ ಇರುವ ಪ್ರದೇಶಗಳನ್ನು. ಅವು ಎರಡು ಗುಂಪಿನ ನಡುವೆ ಸಿಕ್ಕಿಕೊಂಡಿರುತ್ತವೆ. ನೋಂದಣಿ ಶಿಬಿರದವರನ್ನು ಮೊದಲು ಅಲ್ಲಿಗೇ ಕಳಿಸಿ, ಅರ್ಜಿ ಎಲ್ಲಿ ನಿಂತಿತು ಎಂದು ಆ ಹುಡುಗ ಹುಡುಗಿಯರನ್ನೇ ಕೇಳಿಸುತ್ತೇನೆ.